ಪೆಡಲಿಗೆ ಕಾಲು ಸಿಕ್ಕಿಸುವ ಮುನ್ನ: ಹೊಸ ಸೈಕಲ್ ಸವಾರರು ತಿಳಿಯಬೇಕಾದ ಸಂಗತಿಗಳು

ಬೆಂಗಳೂರು: ನಗರದ ಹೊರವಲಯದ ರಸ್ತೆಗಳಲ್ಲಿ ಭಾನುವಾರ ಬೆಳಗಿನ ಜಾವ ಗುಂಪುಗುಂಪಾಗಿ ಸಾಗುವ ಸೈಕಲ್ ಸವಾರರ ಪಾದಗಳತ್ತ ಕಣ್ಣು ಹಾಯಿಸಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಹಲವರ ಶೂಗಳು ಪೆಡಲಿಗೆ ಅಂಟಿಕೊಂಡಂತಿರುತ್ತವೆ. ನಿಲ್ಲಬೇಕಾದಾಗ ಅವರು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ, ‘ಟಕ್’ ಎಂಬ ಸದ್ದಿನೊಡನೆ ಕಾಲು ಬಿಡಿಸಿಕೊಳ್ಳುತ್ತಾರೆ. ಗೇರ್ ಸೈಕಲ್ ಕೊಂಡು ನಾಲ್ಕಾರು ತಿಂಗಳಾದ ಹೊಸಬರಲ್ಲಿ ಇದನ್ನು ಕಂಡೊಡನೆ ಮೂಡುವ ಪ್ರಶ್ನೆ ಒಂದೇ: ಇದು ನನಗೂ ಬೇಕೆ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಪಾದವನ್ನು ಸೈಕಲ್ಲಿಗೆ ಜೋಡಿಸುವ ಈ ವ್ಯವಸ್ಥೆಯನ್ನು ಸರಿಯಾಗಿ ಆರಿಸಿಕೊಂಡವರಿಗೆ ದೂರದ ಸವಾರಿ ಹಿತವಾಗುತ್ತದೆ. ತಪ್ಪಾಗಿ ಆರಿಸಿಕೊಂಡವರು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ಮಂಡಿನೋವು ತಂದುಕೊಳ್ಳುವ, ಸಿಗ್ನಲ್‌ನಲ್ಲಿ ಬಸ್ಸಿನ ಪಕ್ಕದಲ್ಲೇ ಉರುಳಿಬೀಳುವ ಅಪಾಯವೂ ಇದೆ. ಆದ್ದರಿಂದ ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳು ಏನು ತೊಡುತ್ತಾರೆ ಎಂಬುದಕ್ಕಿಂತ, ತಾನು ಸಾಗುವ ದಾರಿಯಲ್ಲಿ ಎಷ್ಟು ಬಾರಿ ನೆಲಕ್ಕೆ ಕಾಲೂರಬೇಕಾಗುತ್ತದೆ ಎಂಬ ಲೆಕ್ಕವೇ ಹೊಸ ಸವಾರನ ಆಯ್ಕೆಯನ್ನು ನಿರ್ಧರಿಸಬೇಕು.

ಹೆಸರಿನಲ್ಲೇ ಗೊಂದಲ

ಶೂವನ್ನು ಕಚ್ಚಿ ಹಿಡಿಯುವ ಈ ಪೆಡಲ್‌ಗಳನ್ನು ‘ಕ್ಲಿಪ್‌ಲೆಸ್’ ಎಂದು ಕರೆಯಲಾಗುತ್ತದೆ. ಅಂದರೆ ಕ್ಲಿಪ್ ಇಲ್ಲದ್ದು. ಕಾಲನ್ನು ಬಿಗಿಯಾಗಿ ಹಿಡಿಯುವ ಸಾಧನಕ್ಕೆ ಕ್ಲಿಪ್ ಇಲ್ಲದ್ದೆಂಬ ಹೆಸರೇಕೆ ಎಂದು ಅಂಗಡಿಯಲ್ಲಿ ಹೊಸಬರು ತಬ್ಬಿಬ್ಬಾಗುವುದು ಸಹಜ. ಇದರ ಹಿಂದೆ ಒಂದು ಕಾರಣವಿದೆ. ಮೊದಲು ಓಟದ ಸೈಕಲ್‌ಗಳ ಪೆಡಲಿನ ಮುಂಭಾಗದಲ್ಲಿ ಬೆರಳುಗಳನ್ನು ತೂರಿಸಲು ಲೋಹದ ಗೂಡಿನಂಥ ಭಾಗವಿರುತ್ತಿತ್ತು. ಅದರ ಮೇಲೆ ಚರ್ಮದ ಪಟ್ಟಿಯನ್ನು ಎಳೆದು ಬಿಗಿಯಲಾಗುತ್ತಿತ್ತು. ಆ ಗೂಡಿಗೆ ‘ಟೋ ಕ್ಲಿಪ್’ ಎಂದು ಹೆಸರು. ಹೊಸ ಪೆಡಲ್ ಬಂದಾಗ ಆ ಗೂಡು ಮಾಯವಾಯಿತು; ‘ಕ್ಲಿಪ್‌ಲೆಸ್’ ಎಂಬ ಹೆಸರು ಉಳಿಯಿತು.

ಈ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಸ್ಪ್ರಿಂಗ್ ಅಳವಡಿಸಿದ ಪೆಡಲ್. ಎರಡನೆಯದು ಗಡಸು ಅಟ್ಟೆಯ ಶೂ. ಮೂರನೆಯದು ಶೂವಿನ ಅಟ್ಟೆಗೆ ಸ್ಕ್ರೂಗಳಿಂದ ಬಿಗಿಯುವ ‘ಕ್ಲೀಟ್’ ಎಂಬ ಸಣ್ಣ ತುಂಡು. ಕ್ಲೀಟ್ ಪೆಡಲಿನ ಬಾಯಿಗೆ ಕೂತು ಒತ್ತಿದಾಗ ಸ್ಪ್ರಿಂಗ್ ಅದನ್ನು ಹಿಡಿದುಕೊಳ್ಳುತ್ತದೆ. ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಬಿಟ್ಟುಕೊಡುತ್ತದೆ. ಕೊಳ್ಳುವವರು ನೆನಪಿಡಬೇಕಾದ ಅಂಶವೆಂದರೆ, ಕ್ಲೀಟ್‌ಗಳು ಸಾಮಾನ್ಯವಾಗಿ ಪೆಡಲಿನ ಪೆಟ್ಟಿಗೆಯಲ್ಲಿ ಬರುತ್ತವೆಯೇ ಹೊರತು ಶೂವಿನ ಪೆಟ್ಟಿಗೆಯಲ್ಲಲ್ಲ.

ಹಿಮದ ಆಟದಿಂದ ಬಂದ ತಂತ್ರ

ಕಾಲನ್ನು ಪೆಡಲಿಗೆ ಬಂಧಿಸುವ ಯೋಚನೆ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಸಂಸ್ಥೆ ಎಂ71 ಎಂಬ ಪೆಡಲನ್ನು ತಯಾರಿಸಿತ್ತು. ಅದರಿಂದ ಕಾಲು ಬಿಡಿಸಿಕೊಳ್ಳಲು ಸವಾರ ಬಾಗಿ, ಕೈಯಿಂದಲೇ ಒಂದು ಸನ್ನೆಯನ್ನು ಸರಿಸಬೇಕಾಗಿತ್ತು. ಬೀಳುವ ಹೊತ್ತಿನಲ್ಲಿ ಅಷ್ಟು ವ್ಯವಧಾನ ಯಾರಿಗಿದ್ದೀತು? ಅದಕ್ಕೆ ‘ಸಾವಿನ ಕ್ಲೀಟ್’ ಎಂಬ ಅಡ್ಡಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರ ದೊರೆತದ್ದು ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯಿಂದ. ಸ್ಕೀಯಿಂಗ್‌ನಲ್ಲಿ ಬೂಟನ್ನು ಹಲಗೆಗೆ ಬಿಗಿಯಲಾಗುತ್ತದೆ. ಆದರೆ ಬಿದ್ದು ಕಾಲು ತಿರುಚಿದಾಗ ಅದು ತಾನಾಗಿ ಕಳಚಿಕೊಳ್ಳದಿದ್ದರೆ ಮೂಳೆ ಮುರಿಯುತ್ತದೆ. ಅಂಥ ಬಿಗಿತದ ಸಾಧನಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ, ಅದೇ ತತ್ವವನ್ನು ಸೈಕಲ್ಲಿಗೆ ಅಳವಡಿಸಿ 1984ರಲ್ಲಿ ಪಿಪಿ65 ಎಂಬ ಪೆಡಲನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನಾಲ್ಟ್ ಈ ಬಗೆಯ ಪೆಡಲ್ ತುಳಿದು ತಮ್ಮ ಐದನೆಯ ಟೂರ್ ಡಿ ಫ್ರಾನ್ಸ್ ಗೆದ್ದರು. ಅಲ್ಲಿಂದಾಚೆಗೆ ಚರ್ಮದ ಪಟ್ಟಿಗಳು ಓಟದ ರಸ್ತೆಯಿಂದ ಹಂತಹಂತವಾಗಿ ಮರೆಯಾದವು.

1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟಗುಡ್ಡದ ಸೈಕಲ್‌ಗಳಿಗಾಗಿ ಎಸ್‌ಪಿಡಿ ಎಂಬ ಇನ್ನೊಂದು ವ್ಯವಸ್ಥೆಯನ್ನು ಹೊರತಂದಿತು. ಇದರ ಕ್ಲೀಟ್ ಉಕ್ಕಿನದು, ಗಾತ್ರದಲ್ಲಿ ಸಣ್ಣದು, ಶೂವಿನ ಅಟ್ಟೆಯ ತಗ್ಗಿನಲ್ಲಿ ಹುದುಗಿರುವಂಥದು. ಸೈಕಲ್ ಇಳಿದು ಕಲ್ಲುಮಣ್ಣಿನ ದಾರಿಯಲ್ಲಿ ನಡೆಯಬೇಕಾದವರನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ ಈ ಬಗೆಯೇ ಇಂದಿನ ಹೊಸ ಸವಾರನಿಗೆ ಹೆಚ್ಚು ಉಪಯುಕ್ತ ಎಂಬುದು ಮುಂದೆ ತಿಳಿದುಬರುತ್ತದೆ.

ಬಲ ನಿಜಕ್ಕೂ ಹೆಚ್ಚುವುದೇ?

ಕ್ಲಿಪ್‌ಲೆಸ್ ಪೆಡಲ್ ಹಾಕಿಸಿದರೆ ಕಾಲನ್ನು ಮೇಲಕ್ಕೆ ಎಳೆಯುವಾಗಲೂ ಬಲ ಸಿಗುತ್ತದೆ, ಆದ್ದರಿಂದ ವೇಗ ಹೆಚ್ಚುತ್ತದೆ ಎಂಬ ಮಾತು ಸೈಕಲ್ ವಲಯದಲ್ಲಿ ವ್ಯಾಪಕವಾಗಿದೆ. ಅಂಗಡಿಯವರೂ ಇದನ್ನೇ ಹೇಳಿ ಮಾರುವುದುಂಟು. ಆದರೆ ಸಂಶೋಧನೆ ಈ ಮಾತನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಧಾರಣ ಓಟದ ಶೂ ಮತ್ತು ಚಪ್ಪಟೆ ಪೆಡಲ್, ಅದೇ ಶೂ ಮತ್ತು ಟೋ ಕ್ಲಿಪ್, ಸೈಕಲ್ ಶೂ ಮತ್ತು ಕ್ಲಿಪ್‌ಲೆಸ್ ಪೆಡಲ್ ಈ ಮೂರನ್ನೂ ಹೋಲಿಸಿ ನೋಡಿದರು. ಸಮಗತಿಯಲ್ಲಿ, ಏದುಸಿರು ಬಾರದಷ್ಟು ಶ್ರಮದಲ್ಲಿ ತುಳಿಯುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅದೇ ವಿಶ್ವವಿದ್ಯಾಲಯದಿಂದ 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಪೂರ್ಣ ಬಲದ ಸ್ಪ್ರಿಂಟ್‌ಗಳನ್ನು ಪರೀಕ್ಷಿಸಿತು. ಅಲ್ಲಿ ಫಲಿತಾಂಶ ಬೇರೆ: ಸೈಕಲ್ ಶೂ ತೊಟ್ಟು ಪೆಡಲಿಗೆ ಬಿಗಿದುಕೊಂಡವರ ಗರಿಷ್ಠ ಬಲ ಸ್ಪಷ್ಟವಾಗಿ ಹೆಚ್ಚಿತ್ತು.

ಇದರ ಸಾರಾಂಶವಿಷ್ಟು. ಗೆಲುವಿನ ಗೆರೆಯತ್ತ ನುಗ್ಗುವ ಓಟಗಾರನಿಗೆ ಲಾಭವಿದೆ. ಕಚೇರಿಗೆ ಹೋಗುವವನಿಗೆ, ನಿಧಾನವಾಗಿ 50 ಕಿ.ಮೀ. ಸಾಗುವವನಿಗೆ ಬಲದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಸಮಗತಿಯಲ್ಲಿ ಸಾಗುವಾಗ ನುರಿತ ಸವಾರರೂ ಹಿಂದಿನ ಕಾಲನ್ನು ಬಲವಾಗಿ ಎಳೆಯುವುದಿಲ್ಲ. ಅದರ ಭಾರವನ್ನು ಹಗುರ ಮಾಡಿಕೊಳ್ಳುತ್ತಾರೆ, ಅಷ್ಟೆ.

ಹಾಗಾದರೆ ಪ್ರಯೋಜನವೇ ಇಲ್ಲವೆ? ಇದೆ. ಮಳೆಯಲ್ಲಿ ಒದ್ದೆಯಾದ ಪೆಡಲಿನಿಂದ ಪಾದ ಜಾರುವುದಿಲ್ಲ. ಗುಂಡಿಯ ಮೇಲೆ ಚಕ್ರ ಹಾರಿದಾಗ ಕಾಲು ಪೆಡಲ್ ತಪ್ಪಿ ಮೀನಖಂಡಕ್ಕೆ ಪೆಟ್ಟು ಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಪಾದ ಅದೇ ಜಾಗದಲ್ಲಿರುತ್ತದೆ. ಗಡಸು ಅಟ್ಟೆಯಿಂದಾಗಿ ಐದಾರು ಗಂಟೆಗಳ ಸವಾರಿಯ ನಂತರವೂ ಅಂಗಾಲು ನೋಯುವುದು ಕಡಿಮೆ. ಈ ಅನುಕೂಲಗಳಿಗಾಗಿ ಕೊಳ್ಳುವವರು ನಿರಾಶರಾಗುವುದಿಲ್ಲ. ವೇಗಕ್ಕಾಗಿ ಮಾತ್ರ ಕೊಳ್ಳುವವರು ನಿರಾಶರಾಗುವ ಸಂಭವ ಹೆಚ್ಚು.

ಎರಡು ಸ್ಕ್ರೂ, ಮೂರು ಸ್ಕ್ರೂ

ಮಾರುಕಟ್ಟೆಯಲ್ಲಿ ಹತ್ತಾರು ಹೆಸರುಗಳಿದ್ದರೂ ಹೊಸಬರು ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಿದರೆ ಸಾಕು. ಶೂವನ್ನು ಮಗುಚಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೊದಲನೆಯದು ಎರಡು ಸ್ಕ್ರೂಗಳ ಬಗೆ. ಶಿಮಾನೊ ಎಸ್‌ಪಿಡಿ, ಟೈಮ್ ಅಟಾಕ್, ಕ್ರ್ಯಾಂಕ್ ಬ್ರದರ್ಸ್ ಪೆಡಲ್‌ಗಳು ಈ ಗುಂಪಿಗೆ ಸೇರುತ್ತವೆ. ಕ್ಲೀಟ್ ಲೋಹದ್ದು, ಅಟ್ಟೆಯೊಳಗೆ ಹುದುಗಿರುತ್ತದೆ. ಶೂವಿಗೆ ರಬ್ಬರಿನ ಹಲ್ಲುಗಳಿರುವುದರಿಂದ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಈ ಗುಂಪಿನ ಬಹುಪಾಲು ಪೆಡಲ್‌ಗಳಲ್ಲಿ ಎರಡೂ ಮುಖದಲ್ಲಿ ಹಿಡಿತವಿರುತ್ತದೆ; ಹೊರಡುವಾಗ ಪೆಡಲ್ ಯಾವ ಕಡೆ ತಿರುಗಿದೆಯೆಂದು ಬಗ್ಗಿ ನೋಡಬೇಕಾಗಿಲ್ಲ.

ಎರಡನೆಯದು ಮೂರು ಸ್ಕ್ರೂಗಳ ಬಗೆ. ಶಿಮಾನೊ ಎಸ್‌ಪಿಡಿ-ಎಸ್‌ಎಲ್, ಲುಕ್ ಕಿಯೊ ಇದಕ್ಕೆ ಉದಾಹರಣೆ. ಕ್ಲೀಟ್ ಪ್ಲಾಸ್ಟಿಕ್‌ನದು, ಅಗಲವಾದದ್ದು, ನುಣುಪಾದ ಅಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ. ಒತ್ತಡ ಅಗಲವಾದ ಜಾಗದಲ್ಲಿ ಹಂಚಿಹೋಗುವುದರಿಂದ ದೀರ್ಘಕಾಲ ಜೋರಾಗಿ ತುಳಿಯುವವರಿಗೆ ಇದು ಹಿತ. ಆದರೆ ಪೆಡಲಿಗೆ ಒಂದೇ ಮುಖದಲ್ಲಿ ಹಿಡಿತ. ನಡೆದರೆ ಬಾತುಕೋಳಿಯ ನಡಿಗೆ. ಗ್ರಾನೈಟ್ ನೆಲದ ಮೇಲೆ ಜಾರುವ ಭಯ. ನಡೆದಷ್ಟೂ ಕ್ಲೀಟ್ ಸವೆಯುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಶೂವಿನ ರಂಧ್ರಗಳು ಒಂದೇ ಆದಮಾತ್ರಕ್ಕೆ ಕ್ಲೀಟ್‌ಗಳು ಒಂದೇ ಅಲ್ಲ. ಮೂರು ರಂಧ್ರಗಳ ಶೂವಿಗೆ ಎಸ್‌ಪಿಡಿ-ಎಸ್‌ಎಲ್ ಕ್ಲೀಟನ್ನೂ ಹಾಕಬಹುದು, ಕಿಯೊ ಕ್ಲೀಟನ್ನೂ ಹಾಕಬಹುದು. ಆದರೆ ಕಿಯೊ ಕ್ಲೀಟ್ ಎಸ್‌ಪಿಡಿ-ಎಸ್‌ಎಲ್ ಪೆಡಲಿಗೆ ಹೊಂದುವುದಿಲ್ಲ. ಕ್ಲೀಟ್ ಯಾವಾಗಲೂ ಪೆಡಲಿನ ಜೋಡಿಯೇ ಆಗಿರಬೇಕು.

ಯಾರಿಗೆ ಯಾವುದು?

ನಗರದೊಳಗೆ ಸೈಕಲ್ ತುಳಿಯುವವರಿಗೆ ಸಿಗ್ನಲ್, ಹಂಪು, ಗುಂಡಿ, ಅಡ್ಡಬರುವ ದನ, ಏಕಾಏಕಿ ಎಡಕ್ಕೆ ಸರಿಯುವ ಬಸ್ಸು ಇವೆಲ್ಲ ನಿತ್ಯದ ಸಂಗತಿಗಳು. ಹತ್ತು ಕಿ.ಮೀ. ದಾರಿಯಲ್ಲಿ ಹತ್ತಾರು ಬಾರಿ ಕಾಲೂರಬೇಕಾಗುತ್ತದೆ. ಇಂಥವರಿಗೆ ಒಳ್ಳೆಯ ಚಪ್ಪಟೆ ಪೆಡಲ್ ಸಾಕು. ಸಣ್ಣ ಮೊಳೆಗಳಂಥ ಮುಳ್ಳುಗಳಿರುವ ಚಪ್ಪಟೆ ಪೆಡಲ್ ಮತ್ತು ಸಮತಟ್ಟಾದ ರಬ್ಬರ್ ಅಟ್ಟೆಯ ಶೂ ಸೇರಿದರೆ ಹಿಡಿತಕ್ಕೆ ಕೊರತೆಯಾಗದು. ಇದನ್ನು ಕಲಿಯುವವರ ಪೆಡಲ್ ಎಂದು ಹೀಗಳೆಯಬೇಕಾಗಿಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2007 ಮತ್ತು 2010ರಲ್ಲಿ ಬೆಟ್ಟದಿಂದ ಇಳಿಯುವ ಡೌನ್‌ಹಿಲ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದದ್ದೂ, 2017ರಿಂದ 2019ರವರೆಗೆ ಸತತ ಮೂರು ವರ್ಷ ಎಂಡ್ಯೂರೊ ವರ್ಲ್ಡ್ ಸೀರೀಸ್ ಗೆದ್ದದ್ದೂ ಚಪ್ಪಟೆ ಪೆಡಲಿನ ಮೇಲೆಯೇ.

ವಾರದ ದಿನಗಳಲ್ಲಿ ಕಚೇರಿಗೂ ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೂ ಒಂದೇ ಸೈಕಲ್ ಬಳಸುವವರಿಗೆ ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಎಸ್‌ಪಿಡಿ ಇರುವ ಪೆಡಲ್ ಸೂಕ್ತ. ಪೇಟೆಯೊಳಗೆ ಚಪ್ಪಟೆ ಮುಖ, ಹೆದ್ದಾರಿಗೆ ಬಂದ ಮೇಲೆ ಹಿಡಿತದ ಮುಖ. ಕಲಿಕೆಯ ಹಂತದಲ್ಲಿ ಇದು ಭಯವನ್ನು ಅರ್ಧದಷ್ಟು ಇಳಿಸುತ್ತದೆ.

ದೂರದ ಸವಾರಿಯ ಹಂಬಲವುಳ್ಳವರಿಗೆ ಎರಡು ಸ್ಕ್ರೂಗಳ ಬಗೆಯೇ ಒಳ್ಳೆಯದು. ಬೆಂಗಳೂರು, ಹುಬ್ಬಳ್ಳಿ ಮೊದಲಾದೆಡೆ ನಡೆಯುವ ಬ್ರೆವೆ ಸವಾರಿಗಳಲ್ಲಿ 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ, 300 ಕಿ.ಮೀ. ದೂರವನ್ನು 20 ಗಂಟೆಯೊಳಗೆ ಮುಗಿಸಬೇಕು. ನಡುನಡುವೆ ಇಳಿದು ಬ್ರೆವೆ ಕಾರ್ಡಿಗೆ ಗುರುತು ಹಾಕಿಸಿಕೊಳ್ಳಬೇಕು, ಹೋಟೆಲ್ಲಿನೊಳಗೆ ನಡೆದು ಇಡ್ಲಿ ತಿನ್ನಬೇಕು, ಪಂಕ್ಚರ್ ಆದರೆ ಕತ್ತಲಲ್ಲಿ ರಸ್ತೆಯಂಚಿನ ಕಲ್ಲುಗಳ ಮೇಲೆ ನಿಲ್ಲಬೇಕು. ಘಾಟಿಯ ಏರಿನಲ್ಲಿ ಕಾಲು ಸೋತರೆ ಸೈಕಲ್ ತಳ್ಳಿಕೊಂಡು ನಡೆಯಬೇಕು. ಇವೆಲ್ಲಕ್ಕೂ ನಡೆಯಲು ಬರುವ ಶೂ ಬೇಕು.

ಇನ್ನು ಸ್ಪರ್ಧೆಯನ್ನೇ ಗುರಿಯಾಗಿಸಿಕೊಂಡವರಿಗೆ ಮೂರು ಸ್ಕ್ರೂಗಳ ಬಗೆ ಸಹಜ ಆಯ್ಕೆ. ರಾಜ್ಯಕ್ಕೆ ಅನೇಕ ಸೈಕ್ಲಿಸ್ಟ್‌ಗಳನ್ನು ನೀಡಿರುವ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ನೇರ ರಸ್ತೆಗಳಲ್ಲಿ ತಾಸುಗಟ್ಟಲೆ ಕಾಲೂರದೆ ಅಭ್ಯಾಸ ಮಾಡುವ ಯುವ ಓಟಗಾರನ ಲೆಕ್ಕವೇ ಬೇರೆ, ಬೆಂಗಳೂರಿನ ಸಿಗ್ನಲ್‌ಗಳ ನಡುವಿನ ಸವಾರನ ಲೆಕ್ಕವೇ ಬೇರೆ.

ಮೊದಲು ಶೂ, ನಂತರ ಪೆಡಲ್

ಹಣ ಸೀಮಿತವಾಗಿದ್ದರೆ ಎಲ್ಲಿ ಉಳಿಸಬೇಕು? ಪೆಡಲಿನಲ್ಲಿ ಉಳಿಸಬಹುದು. ಒಳ್ಳೆಯ ಕಂಪನಿಯ ಕಡಿಮೆ ಬೆಲೆಯ ಪೆಡಲ್ ಮತ್ತು ದುಬಾರಿ ಪೆಡಲಿನ ನಡುವೆ ಎದ್ದುಕಾಣುವ ವ್ಯತ್ಯಾಸ ಹಲವು ಗ್ರಾಂ ತೂಕದ್ದು. ಶೂ ಹಾಗಲ್ಲ. ಕಾಲಿಗೆ ಹೊಂದದ ಶೂ ಎಷ್ಟೇ ದುಬಾರಿಯಾಗಿದ್ದರೂ ಪ್ರಯೋಜನವಿಲ್ಲ.

ಶೂವನ್ನು ಸಾಧ್ಯವಾದಷ್ಟೂ ಅಂಗಡಿಗೆ ಹೋಗಿ ತೊಟ್ಟು ನೋಡಿಯೇ ಕೊಳ್ಳಬೇಕು. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಬಿಸಿಲಿನ ಸವಾರಿಯಲ್ಲೂ ಹಾಗೆಯೇ ಆಗುತ್ತದೆ. ಆದ್ದರಿಂದ ಸಂಜೆ ಹೊತ್ತು ಕೊಳ್ಳುವುದು ಒಳಿತು. ಸವಾರಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಬೇಕು. ಬೆರಳುಗಳು ಒಳಗೆ ಆಡುವಂತಿರಬೇಕು, ಹಿಮ್ಮಡಿ ಮೇಲೇಳಬಾರದು, ಪಾದದ ಎರಡು ಬದಿಗಳಲ್ಲಿ ಹಿಂಡಬಾರದು. ನಡೆಯುವ ಶೂ ದಿನಕಳೆದಂತೆ ಸಡಿಲವಾಗುತ್ತದೆ. ಸೈಕಲ್ ಶೂವಿನ ಗಡಸು ಅಟ್ಟೆ ಅಷ್ಟಾಗಿ ಹಿಗ್ಗುವುದಿಲ್ಲ. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂಬ ಮಾತನ್ನು ಇಲ್ಲಿ ನಂಬಬಾರದು.

ಚಿಕ್ಕಂದಿನಿಂದ ಬರಿಗಾಲಲ್ಲೋ ಚಪ್ಪಲಿಯಲ್ಲೋ ನಡೆದವರ ಪಾದ ಮುಂಭಾಗದಲ್ಲಿ ಅಗಲವಾಗಿರುವುದುಂಟು. ಅಂಥವರು ಉದ್ದ ಹೆಚ್ಚಿಸಿ ದೊಡ್ಡ ಶೂ ಕೊಳ್ಳುವ ಬದಲು, ಅದೇ ಅಳತೆಯಲ್ಲಿ ‘ವೈಡ್’ ಎಂದು ನಮೂದಿಸಿದ ಮಾದರಿ ಕೇಳಬೇಕು. ಶೂ ಉದ್ದವಾದರೆ ಕ್ಲೀಟಿನ ಜಾಗವೂ ತಪ್ಪುತ್ತದೆ.

ಅಟ್ಟೆಯ ವಿಷಯದಲ್ಲೂ ಅತಿಯಾಸೆ ಬೇಡ. ಕಾರ್ಬನ್ ಅಟ್ಟೆ ಅತಿ ಗಡಸು, ಹಗುರ, ದುಬಾರಿ. ನೈಲಾನ್ ಅಟ್ಟೆ ಸ್ವಲ್ಪ ಬಳುಕುತ್ತದೆ. ಹೊಸಬರಿಗೆ ಅದೇ ಹಿತ. ಬಿಗಿಯಲು ಲೇಸು, ವೆಲ್ಕ್ರೊ ಪಟ್ಟಿ, ತಿರುಗಿಸುವ ಗುಂಡಿ ಎಂಬ ಮೂರು ವಿಧಾನಗಳಿವೆ. ಲೇಸಿನ ಶೂವಾದರೆ ತುದಿಗಳು ಚೈನಿಗೆ ಸಿಲುಕದಂತೆ ಒಳಗೆ ಸೇರಿಸಿಡುವುದು ಅತ್ಯಗತ್ಯ. ಶೂವೇ ಒಲ್ಲದವರಿಗಾಗಿ ಶಿಮಾನೊ ಕಂಪನಿ ಎಸ್‌ಪಿಡಿ ಕ್ಲೀಟ್ ಹಾಕಬಹುದಾದ ಸ್ಯಾಂಡಲ್‌ಗಳನ್ನೂ ತಯಾರಿಸಿದೆ ಎಂಬುದು ಸೆಕೆಯ ನಾಡಿನವರಿಗೆ ಕುತೂಹಲಕರ ಸಂಗತಿ.

ಮಂಡಿಯ ಲೆಕ್ಕ

ನಿಮಿಷಕ್ಕೆ 80 ಸುತ್ತಿನಂತೆ ತುಳಿಯುವವನ ಒಂದೊಂದು ಕಾಲು ಗಂಟೆಗೆ 4,800 ಬಾರಿ ಸುತ್ತುತ್ತದೆ. ಹತ್ತು ಗಂಟೆಯ ಸವಾರಿಯಲ್ಲಿ ಅದು 48,000 ಸುತ್ತು. ಚಪ್ಪಟೆ ಪೆಡಲಿನ ಮೇಲೆ ಪಾದ ತನಗೆ ಬೇಕಾದಂತೆ ಸರಿದುಕೊಳ್ಳುತ್ತದೆ. ಕ್ಲೀಟ್ ಹಾಕಿದ ಮೇಲೆ ಆ ಸ್ವಾತಂತ್ರ್ಯ ಕಡಿಮೆ. ಕ್ಲೀಟ್ ಕೊಂಚ ಓರೆಯಾಗಿ ಕೂತಿದ್ದರೂ ಆ ತಪ್ಪು 48,000 ಬಾರಿ ಮಂಡಿಯ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಐದು ನಿಮಿಷದಲ್ಲಿ ಅಂದಾಜಿಗೆ ಕ್ಲೀಟ್ ಬಿಗಿಸಿಕೊಂಡು ಬರುವವರು ಇದನ್ನು ಯೋಚಿಸಬೇಕು.

ಕೂರಿಸುವ ವಿಧಾನ ಕಷ್ಟವಲ್ಲ. ಶೂ ತೊಟ್ಟು, ಹೆಬ್ಬೆರಳಿನ ಬುಡದ ಉಬ್ಬಿದ ಮೂಳೆಯನ್ನೂ ಕಿರುಬೆರಳಿನ ಬುಡದ ಮೂಳೆಯನ್ನೂ ಬೆರಳಿನಿಂದ ಮುಟ್ಟಿ ಗುರುತಿಸಿ ಶೂವಿನ ಮೇಲೆ ಗುರುತು ಮಾಡಬೇಕು. ಪೆಡಲಿನ ಅಚ್ಚು ಈ ಎರಡು ಗುರುತುಗಳ ನಡುವೆ ಬರುವಂತೆ ಕ್ಲೀಟನ್ನು ಬಿಗಿಯಬೇಕು. ಹೊಸಬರು ಸ್ವಲ್ಪ ಹಿಂದಕ್ಕೆ, ಅಂದರೆ ಹಿಮ್ಮಡಿಯ ಕಡೆಗೆ ಸರಿಸಿದರೆ ಮೀನಖಂಡಕ್ಕೆ ಶ್ರಮ ಕಡಿಮೆ. ಆಮೇಲೆ ಎತ್ತರದ ಮೇಜಿನ ಮೇಲೆ ಕೂತು ಕಾಲುಗಳನ್ನು ಜೋತುಬಿಟ್ಟು ನೋಡಬೇಕು. ಬೆರಳುಗಳು ಸಹಜವಾಗಿ ಹೊರಕ್ಕೆ ತಿರುಗಿದ್ದರೆ ಕ್ಲೀಟ್ ಕೂಡ ಆ ಕೋನವನ್ನು ಗೌರವಿಸಬೇಕು. ಎಡ ಬಲ ಎರಡೂ ಒಂದೇ ರೀತಿ ಇರಬೇಕೆಂಬ ನಿಯಮವೇನಿಲ್ಲ.

ಕ್ಲೀಟ್ ಪೆಡಲಿನೊಳಗೆ ಕಳಚದೆ ಅತ್ತಿತ್ತ ತಿರುಗಲು ಇರುವ ಅವಕಾಶಕ್ಕೆ ‘ಫ್ಲೋಟ್’ ಎಂದು ಹೆಸರು. ಹೊಸಬರಿಗೆ ಇದು ಇರಲೇಬೇಕು. ಶಿಮಾನೊ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿ ಕ್ಲೀಟ್ 6 ಡಿಗ್ರಿ, ನೀಲಿ 2 ಡಿಗ್ರಿ ತಿರುಗುತ್ತದೆ. ಕೆಂಪು ಸ್ವಲ್ಪವೂ ತಿರುಗುವುದಿಲ್ಲ. ಲುಕ್ ಕಿಯೊದಲ್ಲಿ ಲೆಕ್ಕ ತಿರುವುಮುರುವು: ಕೆಂಪು 9 ಡಿಗ್ರಿ, ಬೂದು ನಾಲ್ಕೂವರೆ ಡಿಗ್ರಿ, ಕಪ್ಪು ಸೊನ್ನೆ. ಬಣ್ಣ ನೋಡಿ ಕೊಳ್ಳುವವರು ಕಂಪನಿಯ ಹೆಸರನ್ನೂ ನೋಡಬೇಕು.

ನೋವು ಬಂದರೆ ಅದರ ಜಾಗವೇ ಸುಳಿವು ಕೊಡುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು. ಹಿಂಭಾಗವಾದರೆ ಸೀಟು ಎತ್ತರವಾಗಿರಬಹುದು. ಒಳಬದಿ ಅಥವಾ ಹೊರಬದಿ ನೋಯುತ್ತಿದ್ದರೆ ಕ್ಲೀಟಿನ ಓರೆಯನ್ನು ಪರಿಶೀಲಿಸಬೇಕು. ಶೂ ಮತ್ತು ಪೆಡಲ್ ಬದಲಾದಾಗ ಅಟ್ಟೆಯ ದಪ್ಪವೂ ಬದಲಾಗುವುದರಿಂದ ಸೀಟಿನ ಎತ್ತರವನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕಾಗುತ್ತದೆ. ಅಂಗಾಲು ಉರಿದು ಜೋಮು ಹಿಡಿದರೆ ಪಟ್ಟಿ ಸಡಿಲಿಸಿ, ಕ್ಲೀಟನ್ನು ಹಿಂದಕ್ಕೆ ಸರಿಸಿ ನೋಡಬಹುದು. ಈ ಬದಲಾವಣೆಗಳನ್ನು ಒಮ್ಮೆಗೆ ಒಂದೆರಡು ಮಿ.ಮೀ. ಮಾತ್ರ ಮಾಡಬೇಕು. ಹಾಗೂ ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಬೀಳದೆ ಕಲಿಯುವುದು ಹೇಗೆ?

ಕ್ಲಿಪ್‌ಲೆಸ್ ಪೆಡಲಿನ ಮೊದಲ ಬೀಳು ಸಾಮಾನ್ಯವಾಗಿ ವೇಗದಲ್ಲಿ ಆಗುವುದಿಲ್ಲ, ನಿಂತಲ್ಲೇ ಆಗುತ್ತದೆ. ಸೈಕಲ್ ನಿಲ್ಲುತ್ತದೆ, ಸವಾರ ಅಭ್ಯಾಸಬಲದಿಂದ ಕಾಲನ್ನು ಮೇಲಕ್ಕೆತ್ತುತ್ತಾನೆ, ಅದು ಕಳಚುವುದಿಲ್ಲ, ಕಡಿದ ಮರದಂತೆ ಪಕ್ಕಕ್ಕೆ ಒರಗುತ್ತಾನೆ. ಉದ್ಯಾನದಲ್ಲಿ ಆದರೆ ನಗೆಯ ವಿಷಯ. ವಾಹನಗಳ ನಡುವೆ ಆದರೆ ಪ್ರಾಣದ ವಿಷಯ.

ಆದ್ದರಿಂದ ಮೊದಲ ಪಾಠ ಮನೆಯ ಗೋಡೆಯ ಬಳಿ ನಡೆಯಬೇಕು. ಒಂದು ಕೈಯಿಂದ ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಒಂದೊಂದೇ ಕಾಲನ್ನು ಸಿಕ್ಕಿಸಿ ಬಿಡಿಸುವುದನ್ನು ಐವತ್ತು ಬಾರಿಯಾದರೂ ಮಾಡಬೇಕು. ಕಾಲು ಮೇಲಕ್ಕಲ್ಲ, ಹಿಮ್ಮಡಿ ಹೊರಕ್ಕೆ ಎಂಬುದು ಯೋಚಿಸದೆ ಬರುವಂತಾಗಬೇಕು. ಎರಡನೆಯ ಪಾಠ ಖಾಲಿ ಮೈದಾನದಲ್ಲಿ, ಹುಲ್ಲಿನ ಮೇಲೆ. ಮುಖ್ಯ ರಸ್ತೆಗೆ ಬರುವುದು ಮೂರನೆಯ ಪಾಠ.

ಪೆಡಲಿನ ಸ್ಪ್ರಿಂಗ್ ಬಿಗಿಯನ್ನು ಸಣ್ಣ ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದು. ಹೊಸಬರು ಅದನ್ನು ಕನಿಷ್ಠ ಮಟ್ಟದಲ್ಲಿಡಬೇಕು. ಎರಡು ಮುಖದ ಎಸ್‌ಪಿಡಿ ಪೆಡಲ್ ಜೋಡಿಯಲ್ಲಿ ಇಂಥ ಸ್ಕ್ರೂಗಳು ನಾಲ್ಕಿರುತ್ತವೆ. ನಾಲ್ಕನ್ನೂ ಸಮನಾಗಿ ಸಡಿಲಿಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ಎಸ್‌ಪಿಡಿಯಲ್ಲಿ ಕಾಲನ್ನು ಹಲವು ದಿಕ್ಕಿನಲ್ಲಿ ಎಳೆದರೂ ಕಳಚುವ ‘ಮಲ್ಟಿ ರಿಲೀಸ್’ ಕ್ಲೀಟ್‌ಗಳೂ ಸಿಗುತ್ತವೆ. ಕಲಿಕೆಗೆ ಅವು ಅನುಕೂಲ. ಆದರೆ ಏರಿನಲ್ಲಿ ಎದ್ದು ನಿಂತು ಬಲವಾಗಿ ತುಳಿಯುವಾಗ ತಾನಾಗಿ ಕಳಚಬಹುದೆಂಬ ಎಚ್ಚರವಿರಲಿ.

ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಹೀಗಾಗಿ ನಿಲ್ಲುವಾಗ ಎಡಗಾಲನ್ನೇ ಬಿಡಿಸಿ, ಎಡಕ್ಕೇ ವಾಲುವ ರೂಢಿ ಮಾಡಿಕೊಳ್ಳಬೇಕು. ಒಂದು ವೇಳೆ ಬಿದ್ದರೂ ರಸ್ತೆಯ ಅಂಚಿಗೆ ಬೀಳುವುದೇ ಹೊರತು ವಾಹನಗಳ ಕಡೆಗಲ್ಲ. ಚೈನು ಬಲಗಡೆ ಇರುವುದರಿಂದ ಕಾಲಿಗೆ ಗ್ರೀಸ್ ಮೆತ್ತುವುದೂ ತಪ್ಪುತ್ತದೆ. ಸಿಗ್ನಲ್ ಕಂಡಾಗ, ಹಂಪು ಸಮೀಪಿಸಿದಾಗ, ಬಸ್ ನಿಲ್ದಾಣದ ಬಳಿ, ಬೀದಿನಾಯಿಗಳ ಹಿಂಡು ಕಂಡಾಗ, ನಿಲ್ಲುವ ಅಗತ್ಯ ಬೀಳುವ ಮೊದಲೇ ಕಾಲು ಬಿಡಿಸಿರಬೇಕು. ನಿಂತ ಮೇಲೆ ಬಿಡಿಸುತ್ತೇನೆಂಬುವವನೇ ಬೀಳುವವನು.

ಸಡಿಲವಾದ ಸ್ಕ್ರೂ, ಕೆಸರು, ತುಕ್ಕು

ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ ದೋಷ ಕಣ್ಣಿಗೆ ಕಾಣದಂಥದು. ಎರಡು ಸ್ಕ್ರೂಗಳ ಕ್ಲೀಟಿನಲ್ಲಿ ಒಂದು ಸ್ಕ್ರೂ ದಾರಿಯಲ್ಲಿ ಕಳಚಿ ಬಿದ್ದರೆ, ಹಿಮ್ಮಡಿ ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಉಳಿಯುತ್ತದೆ. ಎಷ್ಟು ತಿರುಚಿದರೂ ಕಾಲು ಬಿಡುಗಡೆಯಾಗುವುದಿಲ್ಲ. ಹಾಗಾದಾಗ ಗಾಬರಿಯಾಗದೆ ಇನ್ನೊಂದು ಕಾಲನ್ನು ಬಿಡಿಸಿ ಅತ್ತ ವಾಲಿ ನಿಲ್ಲಬೇಕು. ಆಮೇಲೆ ಶೂವಿನ ಪಟ್ಟಿ ಬಿಚ್ಚಿ ಪಾದವನ್ನು ಹೊರತೆಗೆಯಬೇಕು. ಅದಕ್ಕಿಂತ ಒಳ್ಳೆಯದು, ಹಾಗಾಗದಂತೆ ನೋಡಿಕೊಳ್ಳುವುದು. ಬಿಗಿಯುವಾಗ ಸ್ಕ್ರೂವಿಗೆ ಕೊಂಚ ಗ್ರೀಸ್ ಸವರಿ, 4 ಮಿ.ಮೀ. ಅಲೆನ್ ಕೀಯಿಂದ ಭದ್ರವಾಗಿ ಬಿಗಿಯಬೇಕು. ಅಳತೆಯ ಸ್ಪ್ಯಾನರ್ ಇದ್ದರೆ 5ರಿಂದ 6 ನ್ಯೂಟನ್ ಮೀಟರ್ ಸರಿಯಾದ ಬಿಗಿ. ಮೊದಲ ಸವಾರಿಯ ನಂತರ ಒಮ್ಮೆ, ಅನಂತರ ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

ಮಳೆಗಾಲದ ಮಲೆನಾಡಿನಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. ಕೆಸರಿನಲ್ಲಿ ಕಾಲೂರಿದರೆ ಕ್ಲೀಟಿನ ಸುತ್ತ ಮಣ್ಣು ತುಂಬಿ ಪೆಡಲ್ ಕಚ್ಚುವುದೇ ಇಲ್ಲ. ಶೂವನ್ನು ಪೆಡಲಿಗೆ ಬಡಿದು ಅಥವಾ ಕಡ್ಡಿಯಿಂದ ಕೆದಕಿ ಮಣ್ಣು ತೆಗೆಯಬೇಕು. ಮನೆಗೆ ಬಂದ ಮೇಲೆ ಪೆಡಲ್ ತೊಳೆದು, ಒರೆಸಿ, ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡಬೇಕು. ಒದ್ದೆ ಶೂವಿನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಒಲೆಯ ಬಳಿಯಾಗಲಿ ಸುಡುಬಿಸಿಲಿನಲ್ಲಾಗಲಿ ಇಟ್ಟರೆ ಅಂಟು ಬಿಡುತ್ತದೆ.

ಪೆಡಲನ್ನು ಮನೆಯಲ್ಲೇ ಬದಲಿಸುವವರು ಒಂದು ಸೂತ್ರ ನೆನಪಿಡಬೇಕು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಪೆಡಲಿನ ಮೇಲಿರುವ ಎಡ, ಬಲದ ಗುರುತು ನೋಡಿಯೇ ಕೂರಿಸಬೇಕು. ಸ್ಪ್ಯಾನರಿನ ಮೇಲ್ತುದಿಯನ್ನು ಸೈಕಲ್ಲಿನ ಮುಂಭಾಗದತ್ತ ತಿರುಗಿಸಿದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಹಿಂಭಾಗದತ್ತ ತಿರುಗಿಸಿದರೆ ಸಡಿಲವಾಗುತ್ತವೆ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಒತ್ತಾಯದಿಂದ ಬಿಗಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಹಾಳಾಗಿ, ಪೆಡಲಿಗಿಂತ ದೊಡ್ಡ ಖರ್ಚು ತಲೆಯ ಮೇಲೆ ಬೀಳುತ್ತದೆ.

ಕೊಳ್ಳುವ ಮೊದಲು

ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆಗೆ ಒಳಗಾದವರು, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಕಾಲು ತಿರುಚಿ ಬಿಡಿಸುವ ಈ ಪೆಡಲಿಗೆ ಕೈಹಾಕುವ ಮುನ್ನ ವೈದ್ಯರ ಸಲಹೆ ಪಡೆಯುವುದು ಕ್ಷೇಮ.

ಉಳಿದವರು ಕೊಳ್ಳುವ ಮುನ್ನ ಒಂದು ವಾರ ತಮ್ಮ ನಿತ್ಯದ ದಾರಿಯಲ್ಲಿ ಎಷ್ಟು ಬಾರಿ ಕಾಲೂರಿದೆವೆಂದು ಎಣಿಸಿ ನೋಡಲಿ. ಎಣಿಕೆ ಹೆಚ್ಚಿದ್ದರೆ ಚಪ್ಪಟೆ ಪೆಡಲ್ ಬಿಡಬೇಕಾದ ಅಗತ್ಯವಿಲ್ಲ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಹಿಂದಿನ ಕೆಂಪು ದೀಪ ಕೊಳ್ಳಬಹುದು. ಎಣಿಕೆ ಮಿಶ್ರವಾಗಿದ್ದರೆ ಒಂದು ಮುಖ ಚಪ್ಪಟೆಯಿರುವ ಎಸ್‌ಪಿಡಿ ಪೆಡಲ್ ಮತ್ತು ನಡೆಯಲು ಬರುವ ಶೂ ಸಾಕು. ತಾಸುಗಟ್ಟಲೆ ನಿಲ್ಲದೆ ಸಾಗುವವರು, ಸ್ಪರ್ಧೆಗೆ ಸಜ್ಜಾಗುವವರು ಮಾತ್ರ ಮೂರು ಸ್ಕ್ರೂಗಳ ಶೂವಿನತ್ತ ನೋಡಬೇಕು. ಯಾವುದನ್ನೇ ಆರಿಸಿದರೂ ಪೆಡಲ್ ಕಾಲನ್ನು ಹಿಡಿಯುವಷ್ಟೇ ಸುಲಭವಾಗಿ ಬಿಡುವಂತಿರಬೇಕು. ಅದನ್ನು ಬಿಡಿಸುವ ಅಭ್ಯಾಸ ಕೈಗೂಡುವ ತನಕ ಹೆದ್ದಾರಿ ಕಾಯಲಿ.